ಮಾತಾಡಿದ ಕುರ್ಚಿ

ಮೈಸೂರಿನ ಒಂದು ಆಪ್ತಸಲಹಾ ಕೇಂದ್ರದ ಬೆಂಚಿನ ಮೇಲೆ ತೂಕಡಿಸುತ್ತಾ ಅರ್ಧ ಕಂಡದ್ದು ಇದು. ಉಳಿದರ್ಧ ನಾನೇ ಸೇರಿಸಿರಬಹುದು.

ನಿವೃತ್ತ ಪ್ರಿನ್ಸಿಪಾಲ್ ನಂಜರಾಜಯ್ಯನವರಿಗೆ ಪ್ರತಿ ಗುರುವಾರ ನಾಲ್ಕು ಗಂಟೆಯ ಸಮಯ. ಬರುತ್ತಿದ್ದುದು ಅಪರೂಪ. ನಿದ್ದೆಯೇ ಬಾರದ ಒಬ್ಬ ನರ್ಸಮ್ಮ ಆ ಹೊತ್ತಿಗಾಗಿ ತಿಂಗಳಿಂದ ಕಾಯುತ್ತಿದ್ದರು.

ಗುಮಾಸ್ತ ಫೋನಿನಲ್ಲಿ ಹೇಳಿದ: "ಬರದಿದ್ದರೆ ಹಿಂದಿನ ದಿನ ತಿಳಿಸಿ ಸಾರ್. ಬೇರೆಯವರಿಗೆ ಕೊಡ್ತೀವಿ."

"ನನಗೇ ನಿಯಮ ಹೇಳ್ತೀಯೇನಯ್ಯಾ? ನಾನು ಬರಲಿ, ಬಿಡಲಿ, ಆ ಕುರ್ಚಿ ನನ್ನದು. ಯಾರೂ ಕೂರಕೂಡದು."

"ಆಗಲಿ ಸಾರ್."

ಆ ಗುರುವಾರವೂ ಅವರು ಬರಲಿಲ್ಲ. ಐದಕ್ಕೆ ಗುಮಾಸ್ತ ಫೋನ್ ಮಾಡಿದ. "ಸಾರ್, ನಿಮ್ಮ ಕುರ್ಚಿ ಇವತ್ತು ಸಲಹೆ ಕೊಡೋ ಮೇಡಂ ಹತ್ತಿರ ಪೂರ್ತಿ ಒಂದು ಗಂಟೆ ಮಾತಾಡ್ತು. ಪಾಪ, ಹಗುರಾಯ್ತು."

ಆ ಕಡೆ ಫ್ಯಾನು ಆರಿಸಿದ ಸದ್ದು ಕೇಳಿತು.

"ನನ್ನ ಬಗ್ಗೆ ಏನಂತು?"

"ಒಳಗಿನ ಮಾತು ಹೊರಗೆ ಹೇಳೋ ಹಾಗಿಲ್ಲ ಸಾರ್. ಅದೂ ನಿಯಮ."

ಮುಂದಿನ ಗುರುವಾರ ಅವರು ಮೂರೂವರೆಗೇ ಬಂದರು. ಕುರ್ಚಿಯನ್ನು ಒಂದು ಸುತ್ತು ಬಂದು, ಮೆಲ್ಲಗೆ ಕೂತರು. ಹೋಗುವಾಗ ಗುಮಾಸ್ತನ ಕಿವಿಯಲ್ಲಿ ಹೇಳಿದರು: "ಮುಂದಿನ ವಾರ ಊರಲ್ಲಿರಲ್ಲ. ಯಾರನ್ನಾದರೂ ಕೂರಿಸಪ್ಪ. ಅದನ್ನು ಒಂಟಿಯಾಗಿ ಬಿಡಬೇಡ."

ಆ ವಾರ ನರ್ಸಮ್ಮ ಒಳಗೆ ಹೋದವರು ಮಾತಿನ ನಡುವೆಯೇ ಸುಖವಾಗಿ ನಿದ್ದೆಹೋದರು. ಇದನ್ನು ನನಗೆ ಕುರ್ಚಿಯೇ ಹೇಳಿತು.