ಹಿಂದಿನ ಸಾಲಿನ ಮೊಲ ಕೂತೇ ಇದ್ದ ದಿನ

ಎರಡು ಹೊಳೆ ಕೂಡುವ ಕಡೆ ಒಂದು ಕಾಡು, ಆ ಕಾಡಿಗೊಬ್ಬ ಸಿಂಹರಾಯ. ವಯಸ್ಸಾದವನು. ಹಲ್ಲು ಸಡಿಲ, ಬುದ್ಧಿ ಗಟ್ಟಿ. ಒಬ್ಬನೇ ಕೂತು ಕಾನೂನು ಮಾಡಿದರೆ ತಪ್ಪು ಜಾಸ್ತಿ ಅಂತ ಅವನಿಗೆ ತಿಳಿದಿತ್ತು. ಅದಕ್ಕೇ ಒಂದು ಸಭೆ ಕಟ್ಟಿದ. ಒಂದೊಂದು ಕುಲದವರೂ ತಮ್ಮೊಳಗೆ ಒಬ್ಬರನ್ನು ಆರಿಸಿ ಕಳಿಸಬೇಕು. ಕಾನೂನನ್ನು ಒಪ್ಪಿದವರು ಎದ್ದು ನಿಲ್ಲಬೇಕು, ಒಪ್ಪದವರು ಕೂತಿರಬೇಕು. ಸಭೆ ಮುಗಿದ ಮೇಲೆ ಗೊರವಂಕ ಹಕ್ಕಿ ಕಾಡೆಲ್ಲ ಹಾರಿ, ಯಾರು ಎದ್ದರು ಯಾರು ಕೂತರು ಅಂತ ಕೂಗಿ ಹೇಳಬೇಕು. ಕಳಿಸಿದವರಿಗೆ ತಾವು ಕಳಿಸಿದವನು ಏನು ಮಾಡಿದ ಅಂತ ಗೊತ್ತಾಗಬೇಡವೇ?

ಸಭೆಯಲ್ಲಿ ಎರಡು ಪಂಗಡ. ಹುಲ್ಲು ಮೇಯುವವರದು ಒಂದು, ಮಾಂಸ ತಿನ್ನುವವರದು ಒಂದು. ಹುಲ್ಲಿನವರ ಮುಖಂಡ ಹಿರಿಗೊಂಬ ಎಂಬ ಕಡವೆ. ಆ ಪಂಗಡದ ಕಟ್ಟಕಡೆಯ ಸಾಲಿನಲ್ಲಿ ಕುಪ್ಪ ಎಂಬ ಮೊಲ. ಅಷ್ಟು ಹಿಂದೆ ಕೂತವನಿಗೆ ಕಾಣುತ್ತಿದ್ದದ್ದು ಹಿರಿಗೊಂಬನ ಬಾಲ ಒಂದೇ. ಬಾಲ ಮೇಲೆದ್ದರೆ ಕುಪ್ಪ ಏಳುತ್ತಿದ್ದ, ಇಲ್ಲದಿದ್ದರೆ ಇಲ್ಲ.

ಹಾಗಂತ ಕುಪ್ಪ ದಡ್ಡನಲ್ಲ. ಮರಿಯಾಗಿದ್ದಾಗ ನೆರೆ ನೀರು ಅವನನ್ನು ಎಳೆದುಕೊಂಡು ಹೋಗಿತ್ತು. ಹಿರಿಗೊಂಬ ಹೊಳೆಗಿಳಿದು, ಕೊಂಬುಗಳ ನಡುವೆ ಕೂರಿಸಿಕೊಂಡು ದಡ ಮುಟ್ಟಿಸಿದ್ದ. ಅಂಥವನು ಎದ್ದಾಗ ತಾನು ಕೂರುವುದು ಹೇಗೆ?

ಒಂದು ದಿನ ನರಿ ಸಭೆಯಲ್ಲಿ ಕೈಮುಗಿದು ಎದ್ದ. "ಪ್ರಭು, ಈ ಮೊಲಗಳು ಕತ್ತಲಾದರೆ ಸಾಕು, ಹಿಂಗಾಲಲ್ಲಿ ನೆಲ ಬಡಿಯುತ್ತವೆ. ತಮ್ಮ ನಿದ್ದೆ ಕೆಡುತ್ತದೆ. ಇನ್ನು ಬಡಿಯಕೂಡದು."

ಮೊಲಗಳು ಸುಮ್ಮನೆ ಬಡಿಯುತ್ತಿರಲಿಲ್ಲ. ಯಾರೋ ಬರುತ್ತಿದ್ದಾರೆ, ಒಳಗೆ ಹೋಗಿ ಅಂತ ಒಬ್ಬರಿಗೊಬ್ಬರು ಹೇಳುವ ಬಗೆ ಅದು. ಆದರೆ ನರಿ ಮೊದಲೇ ಹಿರಿಗೊಂಬನ ಬಳಿ ಹೋಗಿ, "ಸಣ್ಣ ವಿಷಯ ಅಣ್ಣಾ, ರಾಯನಿಗೆ ನಿದ್ದೆ ಸಿಗಲಿ ಅಂತ" ಎಂದು ಸವಿಯಾಗಿ ಹೇಳಿ ಬಂದಿದ್ದ. ಬಾಲ ಎದ್ದಿತು. ಕುಪ್ಪ ಎದ್ದ. "ಮೊಲಗಳ ಕುಪ್ಪ ಎದ್ದ! ಕುಪ್ಪ ಎದ್ದ!" ಅಂತ ಗೊರವಂಕ ಕೂಗಿತು. ಆ ವಾರ ಪಕ್ಕದ ಬಿಲದ ಒಂದು ಮರಿ ಕಾಣೆಯಾಯಿತು.

ಮುಂದಿನ ಸಭೆಯಲ್ಲಿ ಮತ್ತೆ ನರಿ ಎದ್ದ. "ಪ್ರಭು, ಮೊಲಗಳ ದಿಬ್ಬದ ಸುತ್ತ ಬರೀ ಮುಳ್ಳಿನ ಪೊದೆ. ತಾವು ಆ ಕಡೆ ಬಂದರೆ ಪಾದಕ್ಕೆ ಚುಚ್ಚೀತು. ಕಡಿಸಿಬಿಡೋಣ." ಬಾಲ ಎದ್ದಿತು. ಕುಪ್ಪ ಎದ್ದ. ಗೊರವಂಕ ಕೂಗಿತು. ಮುಳ್ಳು ಹೋದ ಮೇಲೆ ಇನ್ನೂ ಎರಡು ಮರಿ ಹೋದವು.

ನರಿ ಅಲ್ಲಿಗೇ ನಿಲ್ಲಲಿಲ್ಲ. ಮುಂದಿನ ಸಲ ಮೊಲಗಳ ಬಿಲದ ಹಿಂಬಾಗಿಲು ಮುಚ್ಚಿಸುವ ಮಾತು ತರುತ್ತೇನೆ ಎಂದ. ಹಿಂಬಾಗಿಲಲ್ಲಿ ಹಾವು ನುಗ್ಗುತ್ತದಂತೆ, ಮರಿಗಳ ಬಗ್ಗೆ ಅವನಿಗೆ ಬಹಳ ಚಿಂತೆಯಂತೆ.

ಕುಪ್ಪ ಮನೆಗೆ ಬಂದ. ಹೆಂಡತಿ ಚಿಗುರಿ ಮರಿಗಳನ್ನು ಹೊಟ್ಟೆಯಡಿ ಹಾಕಿಕೊಂಡು ಕೂತಿದ್ದಳು.

"ರೀ, ಬಾಲ ನೋಡಿಕೊಂಡು ಏಳೋದಕ್ಕೆ ನಿಮ್ಮನ್ನೇ ಕಳಿಸಬೇಕಿತ್ತಾ? ಒಂದು ಒಣಗಿದ ಕೊರಡು ಕಳಿಸಿದ್ದರೆ ಕೂತಾದರೂ ಇರ್ತಿತ್ತು."

"ದೊಡ್ಡಣ್ಣ ನನ್ನ ಪ್ರಾಣ ಉಳಿಸಿದವನು ಕಣೇ."

"ಹೌದು. ಉಳಿಸಿದ್ದು ನಿಮ್ಮ ಪ್ರಾಣ. ಆ ಋಣಕ್ಕೆ ನಿಮ್ಮ ಪ್ರಾಣ ಕೊಡಿ, ನಾನು ಅತ್ತರೂ ಬೇಡ ಅನ್ನಲ್ಲ. ಈ ಮರಿಗಳದ್ದು ಎತ್ತಿ ಕೊಡೋಕೆ ನೀವು ಯಾರು?"

ಒಂದು ಮರಿ ಕುಪ್ಪನ ಕಿವಿ ಹಿಡಿದು ಜಗ್ಗುತ್ತಿತ್ತು. ಬಿಡಿಸಿಕೊಳ್ಳದೆ ಹಾಗೇ ಕೂತಿದ್ದ.

ಮೂರನೇ ಸಭೆ ಸೇರಿತು. ನರಿ ಮಾತು ಮುಗಿಸಿದ. ಹಿರಿಗೊಂಬ ಎದ್ದ. ಕಾಡೆಮ್ಮೆ ಎದ್ದಿತು, ಜಿಂಕೆ ಎದ್ದಿತು, ಆನೆ ಎದ್ದಿತು. ಕುಪ್ಪ ಕೂತೇ ಇದ್ದ.

"ಹಿಂದೆ ಯಾರದು ಕೂತಿರೋದು?" ಎಂದ ಸಿಂಹರಾಯ.

"ದ್ರೋಹಿ!" ನರಿ ಕಿರುಚಿದ. "ಸ್ವಂತ ಪಂಗಡಕ್ಕೇ ಎರಡು ಬಗೆದವನು! ಹಿರಿಗೊಂಬಣ್ಣಾ, ಇವನನ್ನು ಹೊರಗೆ ಹಾಕು."

ಪಂಗಡದ ಮುಖಂಡ ಬೇಡ ಅಂದರೆ ಸಭೆಯಲ್ಲಿ ಜಾಗ ಇಲ್ಲ. ಹಿರಿಗೊಂಬ ನಿಧಾನವಾಗಿ ಹಿಂದೆ ತಿರುಗಿದ. ಅವನ ಕಣ್ಣಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು.

"ಕುಪ್ಪಾ, ನನ್ನ ಮೇಲೆ ಮುನಿಸೇನೋ?"

"ಇಲ್ಲ ದೊಡ್ಡಣ್ಣ. ನಿನ್ನ ಮೇಲೆ ಮುನಿಸಿದ್ದರೆ ಬೇರೆ ಪಂಗಡಕ್ಕೆ ಹೋಗಿ ಕೂರುತ್ತಿದ್ದೆ. ಇಲ್ಲೇ ಕೂತಿದ್ದೀನಿ." ಹಾಗಂದು ರಾಯನ ಕಡೆ ತಿರುಗಿದ. "ಪ್ರಭು, ನಾನೂ ಏಳುತ್ತೇನೆ. ಒಂದೇ ಒಂದು ಮಾತು ತಿದ್ದಿ. ಮೊಲಗಳ ಬಿಲ ಅಂತ ಇರುವ ಕಡೆ ಎಲ್ಲರ ಬಿಲ ಅಂತ ಇರಲಿ. ನರಿಯಣ್ಣನ ಮನೆಯಲ್ಲೂ ಮರಿಗಳಿವೆ. ಹಾವು ಅವಕ್ಕೂ ಕಚ್ಚೀತು. ಒಳ್ಳೆಯದು ನಮಗೊಬ್ಬರಿಗೇ ಯಾಕೆ?"

"ನ್ಯಾಯವಾದ ಮಾತು," ಎಂದಿತು ಆನೆ. ಅದಕ್ಕೆ ಬಿಲವೇ ಇರಲಿಲ್ಲ, ನಷ್ಟವೂ ಇರಲಿಲ್ಲ.

ನರಿ ಕೂತಲ್ಲಿಂದ ಹಾರಿ ಬಿದ್ದ. "ಆಗೋದಿಲ್ಲ! ನನ್ನ ಹಿಂಬಾಗಿಲು ಮುಚ್ಚೋ ಹಾಗಿಲ್ಲ!"

"ಯಾಕೋ?" ಎಂದ ರಾಯ.

"ಮುಂಬಾಗಿಲಿಗೆ ಚಿರತೆ ಬಂದು ನಿಂತರೆ ನಾನೂ ನನ್ನ ಮಕ್ಕಳೂ ಎಲ್ಲಿಂದ ಓಡೋದು?"

"ನಮ್ಮ ಮುಂಬಾಗಿಲಿಗೆ ನೀವು ಬಂದು ನಿಂತರೆ?" ಎಂದ ಕುಪ್ಪ, ಮೆಲ್ಲಗೆ.

ನೆಲ ಬಡಿಯಬೇಡಿ ಅಂದವನು, ಮುಳ್ಳು ಕಡಿಸಿದವನು, ಈಗ ಬಾಗಿಲು ಮುಚ್ಚಿ ಅನ್ನುವವನು ಒಬ್ಬನೇ ಅಂತ ಆಗ ಎಲ್ಲರಿಗೂ ಹೊಳೆಯಿತು.

"ನಾನು ಬಯಲಲ್ಲಿ ಮಲಗುವವನು," ಎಂದ ಹಿರಿಗೊಂಬ. "ಬಾಗಿಲು ಅಂದರೆ ಏನು ಅಂತ ನನಗೆ ಗೊತ್ತಿರಲಿಲ್ಲ. ನಿನ್ನನ್ನು ಕೇಳಬೇಕಿತ್ತು ಕಣೋ." ಹಾಗಂದು ಕೂತ. ಜಿಂಕೆ ಕೂತಿತು, ಕಾಡೆಮ್ಮೆ ಕೂತಿತು, ಆನೆ ಕೂತಾಗ ನೆಲ ಅದುರಿತು.

ಸಿಂಹರಾಯ ಹಳೆಯ ಎರಡು ಕಾನೂನನ್ನೂ ಅಳಿಸಿದ. ನರಿಗೆ ಹೇಳಿದ: "ಸಭೆಗೆ ಸುಳ್ಳು ಕಾರಣ ಹೇಳಿದವನಿಗೆ ಇಲ್ಲಿ ಜಾಗವಿಲ್ಲ. ನಿನ್ನ ಕಾನೂನು ನಿನ್ನ ಮನೆಗೆ ಮಾತ್ರ ಇರಲಿ. ಹೋಗು, ಹಿಂಬಾಗಿಲು ಮುಚ್ಚು." ಒಂದೇ ಬಾಗಿಲಿನ ಮನೆಯಲ್ಲಿ ನರಿಗೆ ಒಂದು ದಿನವೂ ಕಣ್ಣು ಮುಚ್ಚಲಾಗಲಿಲ್ಲ. ಸಂಸಾರ ಕಟ್ಟಿಕೊಂಡು ಕಾಡು ಬಿಟ್ಟ.

ಹೋದ ಮರಿಗಳು ಮಾತ್ರ ಬರಲಿಲ್ಲ. ಕಥೆ ಅಂದಮಾತ್ರಕ್ಕೆ ಅವನ್ನು ಮರಳಿ ತಂದರೆ ತಪ್ಪಾಗುತ್ತದೆ.

ಮಾರನೆಯ ಬೆಳಿಗ್ಗೆ ಹಿರಿಗೊಂಬ ಮೊಲಗಳ ದಿಬ್ಬಕ್ಕೆ ಬಂದ. ಮಂಡಿಯೂರಿ, ಕೊಂಬು ತಗುಲದ ಹಾಗೆ ತಲೆ ಓರೆ ಮಾಡಿ, ಮೂತಿಯನ್ನು ಬಿಲದ ಬಾಯಿಗೆ ಇಟ್ಟ. ಒಳಗಿನಿಂದ ಪುಟ್ಟ ಮರಿಯೊಂದು ಬಂದು ಅವನ ಮೂಗು ನೆಕ್ಕಿತು. ಅಷ್ಟು ದೊಡ್ಡವನು, ಅಲ್ಲಾಡಲಿಲ್ಲ.

ನೀತಿ ಇಷ್ಟೇ ಮಕ್ಕಳೇ. ನಂಬಿದವರ ಜೊತೆ ಇರಬೇಕು, ಬಿಟ್ಟು ಓಡಬಾರದು. ಆದರೆ ಏಳುವ ಮುಂಚೆ, ನಮ್ಮನ್ನು ಕಳಿಸಿದವರ ಮನೆಗೆ ಇದರಿಂದ ಏನಾಗುತ್ತದೆ ಅಂತ ನೋಡಬೇಕು. ನಮ್ಮ ಹಿರಿಯ ತಪ್ಪು ದಾರಿಗೆ ಹೊರಟಾಗ ಕೂತಲ್ಲೇ ಕೂತು ಅವನನ್ನು ತಡೆಯುವುದೂ ನಿಷ್ಠೆಯೇ.