ಬಿಚ್ಚದ ಗಂಟಿನ ಬಂಡೆ

ಕರಿಗುಡ್ಡದ ಕೆರೆ ಏರಿಯ ಮೇಲೆ, ತೂಬಿಗೆ ಹತ್ತಿರದಲ್ಲಿ, ಇಬ್ಬರು ಹೆಂಗಸರು ಮೊಣಕಾಲು ತಾಗಿಸಿಕೊಂಡು ಕೂರುವಷ್ಟೇ ಅಗಲದ ಒಂದು ಚಪ್ಪಟೆ ಬಂಡೆಯಿದೆ. ಮೂರನೆಯವರು ಕೂರಲು ಹೋದರೆ ಕೆರೆಗೇ ಬೀಳಬೇಕು. ಊರವರು ಅದನ್ನು ಬಿಚ್ಚದ ಗಂಟಿನ ಬಂಡೆ ಎನ್ನುತ್ತಾರೆ. ಗಂಟು ಎಂದ ಕೂಡಲೇ ನಿಧಿಯಿರಬೇಕೆಂದು ಯಾರೋ ಪುಣ್ಯಾತ್ಮರು ಬುಡ ಅಗೆದದ್ದೂ ಉಂಟು, ಸಿಕ್ಕಿದ್ದು ಏಡಿಗಳು.

ಹಿಂದೆ ಒಮ್ಮೆ, ಈ ಸೀಮೆಯ ಹೊಲಗಳಲ್ಲಿ ನೀಲಿಗಿಡ ಬೆಳೆಯುತ್ತಿದ್ದ ಕಾಲಕ್ಕೆ, ಹೊಳೆಯಾಚೆಯ ಊರಿನಲ್ಲಿ ಹಂಪವ್ವ ಎಂಬ ಬಣ್ಣಗಾರ್ತಿ ಇದ್ದಳು. ಬಟ್ಟೆಯನ್ನು ಚಿವುಟಿ ಹಿಡಿದು, ಒಳಗೊಂದು ಜೋಳದ ಕಾಳಿಟ್ಟು, ದಾರ ಬಿಗಿದು, ನೀಲಿಯ ಬಾನಿಯಲ್ಲಿ ಅದ್ದುವುದು ಅವಳ ಕಸುಬು. ಗಂಟಿದ್ದಲ್ಲಿ ಬಣ್ಣ ಹತ್ತದು. ಬಿಚ್ಚಿದಾಗ ನೀಲಿಯ ನಡುವೆ ಬಿಳಿ ಚುಕ್ಕೆ ಮೂಡುತ್ತದೆ. ಮದುವೆಯ ಸೀರೆಯನ್ನು ಗಂಟು ಬಿಚ್ಚದೆಯೇ ಕೊಡುವುದು ಅಂದಿನ ವಾಡಿಕೆ. ಅತ್ತೆಯ ಮನೆಯಲ್ಲಿ ಸೊಸೆ ಕೂತು ಬಿಚ್ಚಬೇಕು. ಕಡೆಯ ಗಂಟು ಬಿಚ್ಚುವ ತನಕ ಅವಳಿಗೆ ಯಾರೂ ಒಂದು ಕೆಲಸವನ್ನೂ ಹೇಳುವಂತಿಲ್ಲ.

ಹಂಪವ್ವನ ಒಬ್ಬಳೇ ಮಗಳು ದ್ಯಾಮಕ್ಕನನ್ನು ಕರಿಗುಡ್ಡದ ರಾಚವ್ವನ ಮಗನಿಗೆ ಕೊಡುವುದೆಂದು ಗೊತ್ತಾಯಿತು. ರಾಚವ್ವನೋ, ಕೂತವರನ್ನು ಕಂಡರಾಗದ ಹೆಂಗಸೆಂದು ಹತ್ತೂರಿಗೆ ಹೆಸರಾದವಳು. ತಂದೆಯಿಲ್ಲದ ಮಗಳು, ಅಂಗೈಯಲ್ಲಿಟ್ಟು ಸಾಕಿದ ಜೀವ! ಇನ್ನೊಂದು ಗಂಟು ಹಾಕಿದರೆ ಮಗಳಿಗೆ ಇನ್ನೊಂದು ಗಳಿಗೆ ವಿಶ್ರಾಂತಿ ಎಂದುಕೊಂಡು ತಾಯಿ ಗಂಟು ಹಾಕುತ್ತಲೇ ಹೋದಳು. ಸೆರಗು ತುಂಬಿತು, ಒಡಲು ತುಂಬಿತು. ಕೇರಿಯ ಹುಡುಗಿಯರಿಗೆ ‘ಬಣ್ಣಕ್ಕೂ ಒಂಚೂರು ಜಾಗ ಬಿಡ್ರೇ’ ಎಂದು ಗದರುತ್ತಿದ್ದವಳು ತಾನೇ ಆ ಮಾತನ್ನು ಮರೆತುಬಿಟ್ಟಳು. ದಿಬ್ಬಣ ಹೊಳೆ ದಾಟಿ ಹೋಗಿ ಕೆಲವು ದಿನವಾದ ಮೇಲೆ ಬಾನಿಯೊಳಗೆ ಇಣುಕಿದರೆ, ನೀಲಿ ತುಂಬಿದ್ದು ತುಂಬಿದಂತೆಯೇ ಇತ್ತು; ಮಗಳ ಜೊತೆ ಹೋದ ಸೀರೆ ಬಣ್ಣವನ್ನು ಕುಡಿದೇ ಇರಲಿಲ್ಲ. ಗಂಟೆಲ್ಲ ಬಿಚ್ಚಿದರೆ ಹೊರಬರುವುದು, ಗಂಡನಿಲ್ಲದ ತಾನು ಉಟ್ಟಿದ್ದಂಥದ್ದೇ ಬಿಳಿ ಸೀರೆ! ಅಂಥ ಅಪಶಕುನ ತಂದ ಸೊಸೆಯನ್ನು ಯಾರು ಮನೆಯಲ್ಲಿಟ್ಟುಕೊಳ್ಳುತ್ತಾರೆ?

ಹಂಪವ್ವ ಎದ್ದುಬಿದ್ದು ಓಡಿದಳು. ಕರಿಗುಡ್ಡದ ಏರಿ ಹತ್ತುವಾಗಲೇ ಕಂಡಿತು: ಈ ಬಂಡೆಯ ಮೇಲೆ ಅತ್ತೆ ಸೊಸೆ ಇಬ್ಬರೂ ಕೂತಿದ್ದಾರೆ, ನಡುವೆ ಬೆಳ್ಳಗೆ ಸೀರೆಯ ರಾಶಿ, ಮಡಿಲ ತುಂಬ ಜೋಳ. ಅವಳು ಬೀಗತಿಯ ಕಾಲು ಹಿಡಿದುಕೊಂಡಳು. “ತಪ್ಪು ನಂದೈತ್ರಿ, ಬೀಗತಿ. ಮಗಳನ್ನ ತಿರುಗಿ ಕಳಿಸಬ್ಯಾಡ್ರಿ.”

ರಾಚವ್ವ ಕೈಯಲ್ಲಿದ್ದ ಗಂಟು ಬಿಚ್ಚಿ ಮುಗಿಸಿದ ಮೇಲೆಯೇ ಮುಖ ಎತ್ತಿದಳು. “ನಾ ಹಿಂಗ ಕುಂತು ಎಷ್ಟು ವರ್ಷಾತು ಗೊತ್ತೈತೇನು? ಇಕಿ ಒಬ್ಬಾಕಿಗೆ ಮುಗೀವಲ್ದು ಅಂತ ನಾನೂ ಕೈಹಚ್ಚಿದೆ, ನಿಮ್ಮ ಸೀರಿ ನನ್ನೂ ಕುಂದ್ರಿಸ್ತು. ಇದು ಬಿಳಿ ಅಲ್ರಿ, ಎಲ್ಲಾ ನಿಮ್ಮ ಬೆರಳಿನ ಗುರುತು. ಅವ್ವ ಇಷ್ಟು ಬಿಗಿ ಹಿಡಕೊಂಡಾಕಿನ್ನ ನಾ ಹೆಂಗ ಬಿಡ್ಲಿ?”

ಒಂದು ಗಂಟು ಉಳಿದಿತ್ತು. ದ್ಯಾಮಕ್ಕ ಕೈಹಾಕಿದಳು, ಅತ್ತೆ ಆ ಕೈಯನ್ನು ತನ್ನ ಕೈಯಿಂದ ಮುಚ್ಚಿದಳು. “ಇದೊಂದು ಇರಲಿ ಬಿಡವಾ.”

ಅಲ್ಲಿಗೆ ಸೊಸೆಗೆ ಕೆಲಸ ಹೇಳುವ ಅಧಿಕಾರ ಆ ಮನೆಯಲ್ಲಿ ಯಾರಿಗೂ ಉಳಿಯಲಿಲ್ಲ. ದ್ಯಾಮಕ್ಕ ಮಾತ್ರ ಹೇಳಿಸಿಕೊಳ್ಳದೆಯೇ ಎಲ್ಲವನ್ನೂ ಮಾಡುತ್ತಿದ್ದಳಂತೆ. ಕೂತ್ಕೋ ಎಂದರೂ ಕೇಳುತ್ತಿರಲಿಲ್ಲವಂತೆ.

ಈಗ ನೀಲಿಗಿಡವಿಲ್ಲ, ಬಾನಿಗಳೂ ಒಡೆದುಹೋಗಿವೆ. ಆದರೂ ಕರಿಗುಡ್ಡದಲ್ಲಿ ಹೊಸ ಸೊಸೆ ಬಂದಾಗ ಅತ್ತೆ ಅವಳನ್ನು ಈ ಬಂಡೆಯ ಮೇಲೆ ಕೂರಿಸಿಕೊಂಡು, ಸೆರಗಿನ ತುದಿಯಲ್ಲಿ ಒಂದು ಜೋಳದ ಕಾಳಿಟ್ಟು ಗಂಟು ಹಾಕುತ್ತಾಳೆ. ಸೀರೆ ಹಳತಾಗಿ ಕೌದಿಗೆ ಸೇರುವಾಗಲೂ ಆ ಮೂಲೆಯನ್ನು ಕತ್ತರಿಸುವುದಿಲ್ಲ. ಬಂಡೆಯ ಮೇಲೆ ಒಣಹಾಕಿದ ಕೌದಿಯ ಅಂಚನ್ನು ಸುಮ್ಮನೆ ಸವರಿ ನೋಡಿ, ಕಾಳು ಬೆರಳಿಗೆ ಸಿಗುತ್ತದೆ.