ಗೆಳೆಯನ ಹೆಜ್ಜೆಯ ಅಳತೆ

“ಗುರುಗಳೇ, ನಾವು ನೋಯಿಸಿದವರು ನಮ್ಮನ್ನು ನಿಜವಾಗಿ ಕ್ಷಮಿಸಿದ್ದಾರೆಂದು ತಿಳಿಯುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಆಶ್ರಮಕ್ಕೆ ಬರುವ ಮುನ್ನ ಅವನು ತನ್ನ ಅಕ್ಕನಿಗೆ ಆಡಬಾರದ ಮಾತು ಆಡಿದ್ದ. ಆಮೇಲೆ ತಪ್ಪಾಯಿತೆಂದು ಎರಡು ಸಲ ಪತ್ರ ಬರೆದ. ಎರಡು ಸಲವೂ ಅವಳು ‘ನಾವೆಲ್ಲ ಕ್ಷೇಮ, ನೀನು ಆರೋಗ್ಯ ನೋಡಿಕೋ’ ಎಂದಷ್ಟೇ ಉತ್ತರಿಸಿದ್ದಳು.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಜವಳಿ ವರ್ತಕನಿದ್ದ. ವಯಸ್ಸಾದ ಮೇಲೆ ವ್ಯಾಪಾರ ಬಿಟ್ಟು ಊರ ಹೊರಗೆ ಮನೆ ಕಟ್ಟಿಸಿದ. ಗೇಟಿನಿಂದ ಜಗಲಿಯವರೆಗೆ ಹುಲ್ಲುಹಾಸು ಬೆಳೆಸಿದ. ಎರಡು ಹೊತ್ತೂ ತಾನೇ ನೀರು ಹಾಕುತ್ತಿದ್ದ. ಮಂಡಿಯೂರಿ ಕೂತು ಕಳೆ ಕೀಳುತ್ತಿದ್ದ. ಅಷ್ಟು ಹಸಿರು ಆ ಊರಿನಲ್ಲಿ ಬೇರೆಲ್ಲೂ ಇರಲಿಲ್ಲ. ಅದನ್ನು ನೋಡುತ್ತಾ ಕೂತರೆ ಅವನಿಗೆ ಊಟದ ನೆನಪೂ ಆಗುತ್ತಿರಲಿಲ್ಲ.

ಅವನಿಗೆ ಬಾಲ್ಯದ ಗೆಳೆಯನೊಬ್ಬನಿದ್ದ. ಶಾಲೆಯಲ್ಲಿ ಮೇಷ್ಟರಾಗಿದ್ದು ನಿವೃತ್ತನಾದವನು. ಲಕ್ವ ಹೊಡೆದು ಅವನ ಎಡಗಾಲು ಸೋತಿತ್ತು. ಆದರೂ ದಿನವೂ ಸಂಜೆ ಕೋಲೂರಿಕೊಂಡು ಬರುತ್ತಿದ್ದ. ಇಬ್ಬರೂ ಜಗಲಿಯಲ್ಲಿ ಕೂತು ಚದುರಂಗ ಆಡುತ್ತಿದ್ದರು.

ಮಳೆಗಾಲ ಬಂತು. ಮೆತ್ತಗಾದ ನೆಲದಲ್ಲಿ ಕೋಲಿನ ತುದಿ ಇಳಿದು ಹುಲ್ಲಿನ ತುಂಬ ತೂತು ಬಿದ್ದವು. ವರ್ತಕ ಬೆಳಿಗ್ಗೆ ಅವನ್ನು ಮುಚ್ಚಿದರೆ ಸಂಜೆ ಮತ್ತೆ ಬೀಳುತ್ತಿದ್ದವು. ಕೆಲವು ದಿನ ತಡೆದುಕೊಂಡ. ಒಂದು ಸಂಜೆ ತಡೆಯಲಾಗಲಿಲ್ಲ.

“ನಾಳೆಯಿಂದ ಗೋಡೆ ಬದಿಯಲ್ಲಿ ಸುತ್ತಿ ಬಾರಪ್ಪ. ಹುಲ್ಲು ಹಾಳಾಗ್ತಿದೆ” ಎಂದ.

ಗೆಳೆಯ ತಿರುಗಿ ತಾನು ಬಂದ ದಾರಿ ನೋಡಿದ. “ಆಗಲಿ” ಎಂದ.

ನಾಲ್ಕು ದಿನ ಅವನು ಸುತ್ತಿ ಬಂದ. ಐದನೆಯ ದಿನ ಬರಲಿಲ್ಲ. ಆಮೇಲೂ ಬರಲಿಲ್ಲ. ಮೈಗೆ ಹುಷಾರಿಲ್ಲವೇನೋ ಎಂದು ವರ್ತಕ ಮೊದಲು ಅಂದುಕೊಂಡ. ಹದಿನೈದು ದಿನ ಕಳೆದ ಮೇಲೆ, ಒಂದು ಮಾತಿಗೆ ಇಷ್ಟು ಬಿಗುಮಾನವೇ ಎಂದುಕೊಂಡ. ತಾನಾಗಿ ಹೋಗಿ ವಿಚಾರಿಸಲಿಲ್ಲ. ಎರಡು ತಿಂಗಳಾಯಿತು. ತೂತುಗಳೆಲ್ಲ ಮುಚ್ಚಿ ಹುಲ್ಲು ಒಂದೇ ಸಮನಾಗಿ ಬೆಳೆಯಿತು.

ಒಂದು ದಿನ ಹಿಟ್ಟಿನ ಗಿರಣಿಯ ಮುಂದೆ ಗೆಳೆಯನ ಸೊಸೆ ಎದುರಾದಳು. ಮಾತಿಗೆ ಮಾತು ಬಂದು ಅವಳಿಂದ ವಿಷಯ ತಿಳಿಯಿತು. ನಾಲ್ಕನೆಯ ದಿನ ಹಿಂತಿರುಗುವಾಗ ಗೆಳೆಯ ಗೋಡೆ ಬದಿಯ ಜಲ್ಲಿಯ ಮೇಲೆ ಜಾರಿ ಬಿದ್ದಿದ್ದ. ಏಳಲಾಗದೆ ಅಲ್ಲೇ ಇದ್ದ. ಬೀದಿಯಲ್ಲಿ ಹೋಗುತ್ತಿದ್ದ ಹೂವಾಡಗಿತ್ತಿ ಕಂಡು ಎಬ್ಬಿಸಿ ಮನೆಗೆ ತಲುಪಿಸಿದ್ದಳು. ‘ಅವನಿಗೆ ಹೇಳಬೇಡಿ’ ಎಂದು ಮಾವ ಎಲ್ಲರ ಬಾಯಿ ಕಟ್ಟಿದ್ದರಂತೆ.

ಗೆಳೆಯ ಬಿದ್ದ ಆ ಸಂಜೆ ವರ್ತಕ ಜಗಲಿಯಲ್ಲೇ ಇದ್ದ. ಏನೋ ಬಿದ್ದ ಸದ್ದು ಅವನಿಗೂ ಕೇಳಿಸಿತ್ತು. ತೆಂಗಿನ ಗರಿ ಇರಬೇಕೆಂದು ಎದ್ದು ನೋಡಿರಲಿಲ್ಲ.

ಅವನು ಗಿರಣಿಯಿಂದ ನೇರವಾಗಿ ಗೆಳೆಯನ ಮನೆಗೆ ಹೋದ. ಕೈ ಹಿಡಿದುಕೊಂಡು, “ನನ್ನಿಂದ ತಪ್ಪಾಯಿತು” ಎಂದ.

“ಹಳೆಯ ಮಾತು ಈಗ ಯಾಕೆ? ಕಾಫಿ ಆರ್ತಿದೆ, ಕುಡಿ” ಎಂದ ಗೆಳೆಯ.

ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಸಲಿಗೆಯೂ ಇರಲಿಲ್ಲ. ವಾರ ಬಿಟ್ಟು ವರ್ತಕ ಮತ್ತೆ ಹೋದ. ಅದೇ ಕಾಫಿ, ಅದೇ ಉತ್ತರ. ಮೂರನೆಯ ಸಲ ಹೊರಟವನು ತನ್ನ ಗೇಟಿನ ಬಳಿ ನಿಂತು ಹುಲ್ಲನ್ನು ನೋಡಿದ. ಒಳಗೆ ಹೋಗಿ ಗುದ್ದಲಿ ತಂದ. ಮೂರು ದಿನದಲ್ಲಿ ಹುಲ್ಲುಹಾಸನ್ನೆಲ್ಲ ಅಗೆದು ಹಾಕಿದ.

ಊರಿನ ಹಳೆಯ ಚಾವಡಿ ಕೆಡವಿದಾಗ ಉಳಿದ ಚಪ್ಪಡಿಗಳು ಕೆರೆಯ ಹಿಂದೆ ಬಿದ್ದಿದ್ದವು. ಹಿರಿಯರನ್ನು ಕೇಳಿ ಒಂದು ಗಾಡಿ ತರಿಸಿದ. ಕೋಲೂರಿ ನಡೆಯುವವನಿಗೆ ದಾರಿ ಮಾಡಬೇಕೆಂದು ಕಲ್ಲುಕುಟಿಗನನ್ನು ಕರೆದ. ನೂರಾರು ಜನ ತುಳಿದು ಆ ಕಲ್ಲುಗಳ ಮೇಲ್ಮೈ ನುಣುಪಾಗಿತ್ತು. ಕೋಲು ಜಾರುತ್ತದೆಂದು ಕಲ್ಲುಕುಟಿಗ ಅವನ್ನು ಮಗುಚಿ, ಉಳಿಯ ಗುರುತಿದ್ದ ಒರಟು ಮುಖ ಮೇಲೆ ಬರುವಂತೆ ಇಡತೊಡಗಿದ. ವರ್ತಕ ನಡೆದು ತೋರಿಸಿದ ಅಂತರಕ್ಕೆ ಮೊದಲ ನಾಲ್ಕು ಕಲ್ಲು ಜೋಡಿಸಿ ಕೈ ನಿಲ್ಲಿಸಿದ.

“ಇದು ನಿಮ್ಮ ಹೆಜ್ಜೆ ಸ್ವಾಮಿ. ಬರುವವರ ಹೆಜ್ಜೆ ಎಷ್ಟು?” ಎಂದು ಕೇಳಿದ.

ವರ್ತಕನಿಗೆ ಗೊತ್ತಿರಲಿಲ್ಲ. ಅರವತ್ತು ವರ್ಷ ಜೊತೆಯಲ್ಲಿ ನಡೆದಿದ್ದ. ಆ ಕಾಲು ಸೋತ ಮೇಲೆ ಅದು ಹೇಗೆ ನಡೆಯುತ್ತದೆಂದು ಒಮ್ಮೆಯೂ ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಗೆಳೆಯನ ಬೀದಿಗೆ ಹೋಗಿ ಮರದಡಿ ನಿಂತ. ಗೆಳೆಯ ಅಂಚೆ ಕಚೇರಿಗೆ ಹೊರಟ. ಬಲಗಾಲು ಮುಂದಿಡುತ್ತಿದ್ದ, ಎಡಗಾಲನ್ನು ಎಳೆದು ಅದರ ಪಕ್ಕಕ್ಕೆ ತರುತ್ತಿದ್ದ, ಉಸಿರು ತೆಗೆದುಕೊಂಡು ಮತ್ತೆ ಬಲಗಾಲು ಎತ್ತುತ್ತಿದ್ದ. ಅವನು ತಿರುವು ದಾಟಿದ ಮೇಲೆ ವರ್ತಕ ಧೂಳಿನಲ್ಲಿ ಕುಕ್ಕರಗಾಲಲ್ಲಿ ಕೂತು ಹೆಜ್ಜೆ ಗುರುತುಗಳನ್ನು ದಾರದಿಂದ ಅಳೆದ. ಒಂದು ಗೇಣಿಗಿಂತ ತುಸು ಹೆಚ್ಚು, ಅಷ್ಟೇ. ಬಟ್ಟೆ ಅಳೆದು ಅಳೆದು ಪಳಗಿದ ಅವನು ಅಂದು ಮೂರು ಸಲ ಅಳೆದು ನೋಡಿದ.

ಆ ದಾರಕ್ಕೆ ಸರಿಯಾಗಿ ಕಲ್ಲು ಇಡಬೇಕಾದರೆ ಒಂದು ಗಾಡಿ ಸಾಲಲಿಲ್ಲ, ಇನ್ನೊಂದು ಬೇಕಾಯಿತು. ಕಲ್ಲುಗಳ ಸಂದಿನಲ್ಲಿ, ಎರಡು ಬದಿಯ ಬರಿ ನೆಲದಲ್ಲಿ, ಒಂದೆಲಗ ಮತ್ತು ಹೊನಗೊನ್ನೆ ನೆಟ್ಟ. ಅವು ನೆಲಕ್ಕಂಟಿ ಹಬ್ಬುವ ಗಿಡ, ತಪ್ಪಿ ಒಂದು ಹೆಜ್ಜೆ ಮೇಲೆ ಬಿದ್ದರೂ ಬಾಡುವುದಿಲ್ಲ. ಹಿಂದೆ ಅವನ್ನೇ ಅವನು ಕಿತ್ತು ಗೋಡೆಯಾಚೆ ಎಸೆಯುತ್ತಿದ್ದ.

ಕೆಲಸ ಮುಗಿಯಿತು. ವರ್ತಕ ಗೆಳೆಯನಿಗೆ ಹೇಳಿ ಕಳಿಸಲಿಲ್ಲ. ಅಷ್ಟು ಚಂದದ ಹುಲ್ಲಿಗೆ ಏನು ಬಂತೆಂದು ದಾರಿಹೋಕರು ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದ. ದಿನವೂ ಬೆಳಿಗ್ಗೆ ಕಲ್ಲು ಗುಡಿಸುತ್ತಿದ್ದ. ತಾನೂ ಅದರ ಮೇಲೆ ಸಣ್ಣ ಹೆಜ್ಜೆ ಇಟ್ಟೇ ಓಡಾಡುತ್ತಿದ್ದ. ಮೊದಮೊದಲು ಅದು ಬೇಸರ ತರುತ್ತಿತ್ತು. ಆಮೇಲೆ ರೂಢಿಯಾಯಿತು.

ಒಂದೂವರೆ ತಿಂಗಳ ಮೇಲೆ ಒಂದು ಸಂಜೆ ಗೆಳೆಯ ಬಂದ. ಗೇಟಿನಲ್ಲಿ ನಿಂತು ಕೆಳಗೆ ನೋಡಿದ. ಬಲಗಾಲು ಇಟ್ಟ, ಎಡಗಾಲು ತಂದ. ಎಲ್ಲೂ ಕೋಲು ತಡವರಿಸದೆ ಜಗಲಿ ಮುಟ್ಟಿದ. ವರ್ತಕ ಎದ್ದು ನಿಂತಿದ್ದನೇ ಹೊರತು ಕೈ ಕೊಡಲು ಹೋಗಲಿಲ್ಲ. ಕಲ್ಲಿನ ವಿಷಯ ಇಬ್ಬರೂ ಎತ್ತಲಿಲ್ಲ. ಹೊರಡುವಾಗ ಗೆಳೆಯ ಕೇಳಿದ್ದು ಒಂದೇ ಮಾತು:

“ಒಂದೆಲಗ ಸೊಂಪಾಗಿ ಬಂದಿದೆ. ಚಟ್ನಿಗೆ ಒಂದು ಹಿಡಿ ಕಿತ್ತುಕೊಳ್ಳಲಾ?”

ವರ್ತಕ ತಾನೇ ಬಗ್ಗಿ ಕಿತ್ತು ಅವನ ಚೀಲಕ್ಕೆ ಹಾಕಿದ. ಆಮೇಲೆ ಗೆಳೆಯ ಕೆಲವು ಸಂಜೆ ಬರುತ್ತಿದ್ದ, ಕೆಲವು ಸಂಜೆ ಬರುತ್ತಿರಲಿಲ್ಲ. ವರ್ತಕ ಬದುಕಿರುವವರೆಗೂ ಕಲ್ಲು ಗುಡಿಸಿದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಇನ್ನೂ ಕಾಯುತ್ತಿದ್ದ.

“ಹಾಗಾದರೆ ಆ ಗೆಳೆಯ ಅವನನ್ನು ಕ್ಷಮಿಸಿದನೇ ಗುರುಗಳೇ?”

“ಅದು ಗೆಳೆಯನ ಕತೆ, ನಾನು ಹೇಳಿದ್ದು ವರ್ತಕನದು” ಎಂದರು ಗುರುಗಳು.